ಹೊಲದ ಅಂಕಿ-ಅಂಶಗಳಿಗೆ ಖಚಿತ ಅರ್ಥ ಕೊಡುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರ ಮನೆಗಳಲ್ಲಿ ಇಂದು ಕಾಗದಗಳಿಗೆ ಕೊರತೆಯಿಲ್ಲ. ಪಹಣಿ, ಮಣ್ಣು ಆರೋಗ್ಯ ಚೀಟಿ, ಕೊಳವೆ ಬಾವಿ ನೀರಿನ ಪರೀಕ್ಷಾ ವರದಿ, ಬೀಜದ ಚೀಲದ ಚೀಟಿ, ಮಾರುಕಟ್ಟೆಯ ತೂಕದ ಪಟ್ಟಿ ಎಲ್ಲವೂ ಇವೆ. ಪ್ರತಿಯೊಂದರಲ್ಲಿಯೂ ಅಂಕಿಗಳಿವೆ. ಆದರೆ ಆ ಅಂಕಿ ಯಾವುದರದು, ಯಾವ ವಿಧಾನದಿಂದ ಅಳೆದದ್ದು, ಯಾವ ಮಾನದಲ್ಲಿ ಬರೆದದ್ದು ಎಂಬ ತಿಳಿವಳಿಕೆ ಮಾತ್ರ ಬಹಳ ಸಲ ಕಾಗದದ ಮೇಲೆ ಇರುವುದಿಲ್ಲ. ಅಂಕಿಯ ಬಗೆಗಿನ ಈ ತಿಳಿವಳಿಕೆ ಇಲ್ಲದಿದ್ದರೆ ಸರಿಯಾದ ಅಂಕಿಯೂ ರೈತನನ್ನು ತಪ್ಪು ದಾರಿಗೆ ಎಳೆಯುತ್ತದೆ. ಇದನ್ನು ತಪ್ಪಿಸಲು ವಿಜ್ಞಾನಿಗಳು ರೂಪಿಸಿರುವ ಒಂದು ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಹೊಲ, ಎರಡು ವರದಿ

ಕೆಲವು ವರ್ಷಗಳ ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಭತ್ತದ ಬೆಳೆಗಾರರೊಬ್ಬರು ಎರಡು ಮಣ್ಣು ಪರೀಕ್ಷಾ ವರದಿಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದರು. ಎರಡೂ ಒಂದೇ ಹೊಲದವು. ಒಂದರಲ್ಲಿ ವಿದ್ಯುತ್ ವಾಹಕತೆ 1.3 ಎಂದಿತ್ತು, ಇನ್ನೊಂದರಲ್ಲಿ 4.6. ಮಾನ ಎರಡರಲ್ಲಿಯೂ ಒಂದೇ, ಮೀಟರಿಗೆ ಡೆಸಿಸೀಮನ್. ನಾಲ್ಕಕ್ಕಿಂತ ಹೆಚ್ಚಾದರೆ ಸವಳು ಎಂದು ಅವರು ಕೇಳಿದ್ದರು. ಮೊದಲ ವರದಿ ನೋಡಿ ಹೊಲ ಚೆನ್ನಾಗಿದೆ ಎಂದು ಸುಮ್ಮನಿದ್ದರು. ಎರಡನೆಯದು ಬಂದಾಗ ಒಂದೇ ಹಂಗಾಮಿನಲ್ಲಿ ಉಪ್ಪು ಮೂರೂವರೆ ಪಟ್ಟು ಏರಿತೆಂದು ಹೆದರಿ ಒಂದು ಲೋಡು ಜಿಪ್ಸಂ ತರಿಸಲು ಮಾತಾಡಿ ಬಂದಿದ್ದರು. “ಸರ, ಇದ್ರಾಗ ಖರೇದು ಯಾವುದ್ರೀ?” ಎಂದು ಕೇಳಿದರು.

ಎರಡೂ ಖರೆಯಾಗಿದ್ದವು. ಮೊದಲನೆಯದರಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯಲಾಗಿತ್ತು. ಎರಡನೆಯದರಲ್ಲಿ ಮಣ್ಣನ್ನು ರಾಡಿಯಾಗುವಷ್ಟು ಮಾತ್ರ ನೆನೆಸಿ, ಅದರಿಂದ ಹೀರಿ ತೆಗೆದ ಸಾರವನ್ನು ಅಳೆಯಲಾಗಿತ್ತು. ಇದಕ್ಕೆ ಸಂತೃಪ್ತ ಸಾರ ಎನ್ನುತ್ತಾರೆ. 100 ಗ್ರಾಂ ಎರೆ ಮಣ್ಣು ಸಂತೃಪ್ತವಾಗಲು ಸುಮಾರು 60ರಿಂದ 70 ಮಿಲಿಲೀಟರ್ ನೀರು ಸಾಕು. ಮೊದಲ ವಿಧಾನದಲ್ಲಿ ಅದೇ ಮಣ್ಣಿಗೆ 250 ಮಿಲಿಲೀಟರ್ ಹಾಕುತ್ತಾರೆ. ಉಪ್ಪು ಅಷ್ಟೇ, ನೀರು ಮೂರು-ನಾಲ್ಕು ಪಟ್ಟು. ಸಾರಿಗೆ ನೀರು ಹೊಯ್ದಂತೆ ತೆಳುವಾಯಿತು. ಮಸಾರಿ ಮಣ್ಣು ಇನ್ನೂ ಕಡಿಮೆ ನೀರಿಗೆ ಸಂತೃಪ್ತವಾಗುವುದರಿಂದ ಅಲ್ಲಿ ಅಂತರ ಇನ್ನೂ ಹೆಚ್ಚು. ನಾಲ್ಕು ಎಂಬ ಮಿತಿ ಸಂತೃಪ್ತ ಸಾರಕ್ಕೆ ಸಂಬಂಧಿಸಿದ್ದು. ಅದನ್ನು ಮೊದಲ ವರದಿಗೆ ಹಚ್ಚಿದ್ದೇ ತಪ್ಪು.

ನಷ್ಟ ಸಣ್ಣದಲ್ಲ. ಸಂತೃಪ್ತ ಸಾರದ ಲೆಕ್ಕದಲ್ಲಿ ವಾಹಕತೆ 3ನ್ನು ದಾಟಿದ ಮೇಲೆ ಏರುವ ಪ್ರತಿ ಒಂದಕ್ಕೆ ಭತ್ತದ ಇಳುವರಿ ಸುಮಾರು ಶೇಕಡಾ 12ರಷ್ಟು ಇಳಿಯುತ್ತದೆಂದು ಲೆಕ್ಕ. 4.6 ಎಂದರೆ ಸುಮಾರು ಶೇಕಡಾ 19 ಕಡಿಮೆ. ಎಕರೆಗೆ 30 ಚೀಲ ಬರುವಲ್ಲಿ 24 ಚೀಲ. ಉಪ್ಪಿಲ್ಲವೆಂದು ಸುಮ್ಮನಿದ್ದ ಕಾಲದಲ್ಲಿ ಆ ಆರು ಚೀಲ ಪ್ರತಿ ಬೆಳೆಗೂ ಹೋಗುತ್ತಿತ್ತು.

ಜಿಪ್ಸಂ ಮಾತು ಬೇರೆ. ಆ ಮಣ್ಣಿನ ರಸಸಾರ 8.1 ಇತ್ತು, ವಿನಿಮಯ ಸೋಡಿಯಂ ಶೇಕಡಾ 9. ಇದು ಸವಳು ಮಣ್ಣು, ಕ್ಷಾರ ಮಣ್ಣಲ್ಲ. ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ ಜಿಪ್ಸಂ ಮದ್ದು. ಸವಳು ಮಣ್ಣಿಗೆ ಬೇಕಾದುದು ಬಸಿಗಾಲುವೆ ಮತ್ತು ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕೆಳಗೆ ತೊಳೆಯುವುದು. ಜಿಪ್ಸಂಗೆ ಕೊಡಬೇಕಿದ್ದ ಹಣವನ್ನು ಆ ರೈತರು ಬಸಿಗಾಲುವೆ ತೋಡಿಸಲು ಬಳಸಿದರು.

ಇಂಥ ಗೊಂದಲ ಎಲ್ಲೆಲ್ಲಿ?

ಇದು ಉಪ್ಪಿನ ವಿಷಯದಲ್ಲಿ ಮಾತ್ರ ಆಗುವುದಲ್ಲ. ಕೆಳಗಿನವುಗಳನ್ನು ಗಮನಿಸಿರಿ.

ಚೀಲ: ಗಂಗಾವತಿ ಸೀಮೆಯ ಭತ್ತದ ವ್ಯಾಪಾರದಲ್ಲಿ ಚೀಲವೆಂದರೆ 75 ಕಿಲೋ. ಆದರೆ ಶೇಕಡಾ 22 ತೇವವಿರುವ ಹಸಿ ಭತ್ತದ 75 ಕಿಲೋ ಚೀಲ, ಶೇಕಡಾ 14 ತೇವಕ್ಕೆ ಒಣಗಿದಾಗ 68 ಕಿಲೋ ಆಗುತ್ತದೆ. ಒಬ್ಬರು ಹಸಿ ಭತ್ತದ 30 ಚೀಲ, ಇನ್ನೊಬ್ಬರು ಒಣ ಭತ್ತದ 28 ಚೀಲ ಬೆಳೆದರೆ ಹೆಚ್ಚು ಬೆಳೆದವರು ಎರಡನೆಯವರು.

ರಂಜಕ: ಹೆಕ್ಟೇರಿಗೆ 20 ಕಿಲೋ ಎಂದು ವರದಿಯಲ್ಲಿದೆ ಎನ್ನೋಣ. ಅದು ಶುದ್ಧ ರಂಜಕವಾದರೆ ಮಧ್ಯಮ ಮಟ್ಟ. ಗೊಬ್ಬರದ ಚೀಲದ ಮೇಲೆ ಬರೆಯುವ ಹಾಗೆ ರಂಜಕದ ಪೆಂಟಾಕ್ಸೈಡ್ ರೂಪದಲ್ಲಿದ್ದರೆ ಕಡಿಮೆ ಮಟ್ಟ. ಒಂದು ಕಿಲೋ ರಂಜಕವು 2.29 ಕಿಲೋ ಪೆಂಟಾಕ್ಸೈಡಿಗೆ ಸಮ.

ತಳಿಯ ಹೆಸರು: ಸೋನಾ ಎಂಬ ಒಂದೇ ಮಾತಿನಿಂದ ಎಷ್ಟೋ ತಳಿಗಳನ್ನು ಕರೆಯುತ್ತಾರೆ. ಬಾಪಟ್ಲದಿಂದ ಬಂದ ಬಿಪಿಟಿ-5204 ಸೋನಾ. ರಾಜೇಂದ್ರನಗರದಿಂದ ಬಂದ ಆರ್‌ಎನ್‌ಆರ್-15048 ತೆಲಂಗಾಣ ಸೋನಾ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ, ಸವಳು ತಾಳುವ ಜಿಜಿವಿ-05-01 ಗಂಗಾವತಿ ಸೋನಾ. ಲೆಕ್ಕದ ಪುಸ್ತಕದಲ್ಲಿ ಬರೀ ಸೋನಾ ಎಂದು ಬರೆದರೆ ಸವಳಿನಲ್ಲಿ ಯಾವುದು ನಿಂತಿತು, ಯಾವುದು ಸೋತಿತು ಎಂಬುದು ಮುಂದೆ ತಿಳಿಯುವುದಿಲ್ಲ.

ಮಳೆ: ಹವಾಮಾನ ಇಲಾಖೆಯ ಮಳೆ ಲೆಕ್ಕದ ದಿನ ಬೆಳಗಿನ 8.30ಕ್ಕೆ ಮುಗಿಯುತ್ತದೆ. ಸೋಮವಾರ ರಾತ್ರಿ ಸುರಿದ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ರೈತನ ನೆನಪಿಗೂ ಪುಸ್ತಕಕ್ಕೂ ಒಂದು ದಿನದ ಅಂತರ ಬರುವುದು ಹೀಗೆ.

ಸ್ಥಳ: ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲು ಈ ನಾಲ್ಕು ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 2017-18ರಲ್ಲಿ ಕಾರಟಗಿ, ಕನಕಗಿರಿ ಮತ್ತು ಕುಕನೂರು ಪ್ರತ್ಯೇಕ ತಾಲೂಕುಗಳಾದವು. ಆದುದರಿಂದ 1995ರ ರಾಯಚೂರು ಜಿಲ್ಲೆ ಮತ್ತು 2005ರ ರಾಯಚೂರು ಜಿಲ್ಲೆ ಒಂದೇ ಅಲ್ಲ. ಹಳೆಯ ಗಂಗಾವತಿ ತಾಲೂಕಿನ ಭತ್ತದ ಕ್ಷೇತ್ರವನ್ನು ಇಂದಿನದರೊಡನೆ ಹೋಲಿಸಿ ಭತ್ತ ಕಡಿಮೆಯಾಯಿತು ಎನ್ನಲಾಗದು. ಮನೆಯ ಮಟ್ಟದಲ್ಲಿಯೂ ಹೀಗೆಯೇ. ಅಣ್ಣ-ತಮ್ಮಂದಿರು ಪಾಲಾದಾಗ ಒಂದು ಸರ್ವೆ ನಂಬರು ಎರಡು ಹಿಸ್ಸಾ ಆಗುತ್ತದೆ. ಹಳೆಯ ಮಣ್ಣು ವರದಿ ಯಾರ ಪಾಲಿನದು?

ಆಂಟಾಲಜಿ ಎಂದರೇನು?

ಇರುವ ವಸ್ತುಗಳು ಯಾವುವು, ಅವುಗಳ ಬಗೆಗಳು ಯಾವುವು ಎಂದು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆಗೆ ಆಂಟಾಲಜಿ ಎಂಬ ಹೆಸರಿದೆ. ಗಣಕಯಂತ್ರ ವಿಜ್ಞಾನಿಗಳು ಈ ಹೆಸರನ್ನು ಎರವಲು ಪಡೆದು ಬೇರೊಂದು ಕೆಲಸಕ್ಕೆ ಬಳಸಿಕೊಂಡರು. 1993ರಲ್ಲಿ ಅಮೆರಿಕದ ಥಾಮಸ್ ಗ್ರೂಬರ್ ಅವರು ಇದಕ್ಕೆ ಕೊಟ್ಟ ವ್ಯಾಖ್ಯೆ ಹೆಚ್ಚು ಬಳಕೆಯಲ್ಲಿದೆ. ಸರಳವಾಗಿ ಹೇಳುವುದಾದರೆ, ಒಂದು ವಿಷಯದಲ್ಲಿ ಯಾವ ಯಾವ ವಸ್ತುಗಳಿವೆ, ಅವುಗಳಿಗೆ ಪರಸ್ಪರ ಯಾವ ಸಂಬಂಧವಿದೆ ಎಂಬ ನಮ್ಮ ಕಲ್ಪನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಸ್ಪಷ್ಟವಾಗಿ ಬರೆದಿಡುವುದೇ ಆಂಟಾಲಜಿ. ಯಂತ್ರವೂ ಓದಿ ಪರೀಕ್ಷಿಸುವಷ್ಟು ಖಚಿತವಾಗಿ ಬರೆದರೆ ಅದು ವಿಧಿಬದ್ಧ ಆಂಟಾಲಜಿ ಆಗುತ್ತದೆ.

ಇದರಲ್ಲಿ ನಾಲ್ಕು ಅಂಗಗಳಿವೆ.

1. ವರ್ಗ: ಮಣ್ಣು, ಬೆಳೆ, ಹೊಲ, ಅಳತೆ ಮೊದಲಾದ ಬಗೆಗಳು.
2. ಸದಸ್ಯ: ವರ್ಗಕ್ಕೆ ಸೇರಿದ ಒಂದೊಂದು ವಸ್ತು. ಹೊಲ ಎಂಬುದು ವರ್ಗ. ನಿಮ್ಮ ಹಳ್ಳದ ಪಕ್ಕದ ಹೊಲ ಅದರ ಸದಸ್ಯ.
3. ಸಂಬಂಧ: ಒಂದು ವಸ್ತು ಇನ್ನೊಂದಕ್ಕೆ ಹೊಂದಿರುವ ನಂಟು. ಸಜ್ಜೆಯು ಏಕದಳ ಧಾನ್ಯದ ಒಂದು ಬಗೆ. ತೆನೆಯು ಸಜ್ಜೆ ಗಿಡದ ಒಂದು ಭಾಗ. ಬಗೆ ಮತ್ತು ಭಾಗ ಎಂಬ ಈ ಎರಡು ಸಂಬಂಧಗಳನ್ನು ಕಲೆಸಬಾರದು. ಏಕದಳ ಧಾನ್ಯಕ್ಕೆ ಹೇಳಿದ ಮಾತು ಸಜ್ಜೆಗೂ ಅನ್ವಯಿಸುತ್ತದೆ. ಗಿಡಕ್ಕೆ ಹೇಳಿದ್ದು ತೆನೆಗೆ ಅನ್ವಯಿಸಬೇಕೆಂದಿಲ್ಲ.
4. ವಿಧಿ: ಯಾವುದು ಇರಲೇಬೇಕು, ಯಾವುದು ಇರಲಾಗದು ಎಂಬ ಕಟ್ಟು.

ಬರೀ ಹೆಸರುಗಳ ಪಟ್ಟಿಯು ಆಂಟಾಲಜಿಯಲ್ಲ. ಪಟ್ಟಿಯು ಸವಳು, ಜವಳು ಎಂಬ ಎರಡು ಮಾತುಗಳನ್ನು ಕೊಡುತ್ತದೆ. ನಮ್ಮ ಕಡೆ ಇವೆರಡನ್ನೂ ಜೊತೆಯಾಗಿಯೇ ಆಡುತ್ತೇವೆ. ಆದರೆ ಸವಳು ಮಣ್ಣಿನ ಉಪ್ಪಿಗೆ ಸಂಬಂಧಿಸಿದ್ದು. ಜವಳು ನೆಲದೊಳಗೆ ನೀರು ಮೇಲಕ್ಕೆ ಬಂದು ನಿಲ್ಲುವುದಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ವಾಹಕತೆಯಿಂದ, ಎರಡನೆಯದನ್ನು ಅಂತರ್ಜಲದ ಆಳದಿಂದ ಅಳೆಯಬೇಕು. ಜವಳು ಸವಳಿಗೆ ಕಾರಣವಾಗಬಹುದು, ಆದರೆ ಎರಡೂ ಒಂದೇ ಅಲ್ಲ. ಇಷ್ಟನ್ನು ಬರೆದಿಟ್ಟಾಗ ಪಟ್ಟಿಯು ಆಂಟಾಲಜಿಯಾಗುತ್ತದೆ.

ಮಣ್ಣು ಬೇರೆ, ಮಣ್ಣಿನ ಅಂಕಿ ಬೇರೆ

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಹೊಲದಲ್ಲಿರುವ ಉಪ್ಪು ಒಂದು ವಸ್ತು. ಕಾಗದದ ಮೇಲಿರುವ 1.3 ಇನ್ನೊಂದು ವಸ್ತು. ಎರಡನೆಯದು ಮೊದಲನೆಯದರ ಬಗ್ಗೆ ಹೇಳುತ್ತದೆ, ಅಷ್ಟೆ. ಉಪ್ಪಿಗೆ ವಿಧಾನವಿಲ್ಲ, ತಾರೀಖಿಲ್ಲ, ಪ್ರಯೋಗಶಾಲೆಯಿಲ್ಲ. ಅಂಕಿಗೆ ಇವೆಲ್ಲ ಇವೆ. ಆದುದರಿಂದ ಮಣ್ಣು, ಬೆಳೆಗಳಿಗೆ ಮಾತ್ರವಲ್ಲದೆ ಅಂಕಿ-ಅಂಶಗಳಿಗೂ ಒಂದು ಆಂಟಾಲಜಿ ಬೇಕಾಗುತ್ತದೆ.

ಈ ದಿಕ್ಕಿನಲ್ಲಿ ಜಗತ್ತಿನಲ್ಲಿ ಸಾಕಷ್ಟು ಕೆಲಸ ನಡೆದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1980ರ ದಶಕದ ಮೊದಲಲ್ಲಿ ಅಗ್ರೋವೋಕ್ ಎಂಬ ಬಹುಭಾಷಾ ಕೃಷಿ ಪದಕೋಶವನ್ನು ಆರಂಭಿಸಿತು. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರಗಳ ಒಕ್ಕೂಟವು 2008ರಲ್ಲಿ ಬೆಳೆ ಆಂಟಾಲಜಿಯನ್ನು ಕೈಗೊಂಡಿತು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಸಂಶೋಧನೆ ನಡೆಸುವ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಬೆಳೆಗಳೂ ಅದರಲ್ಲಿವೆ. ಅದರ ಸೂತ್ರ ಸರಳ: ಅಳೆಯುವ ಗುಣ, ಅಳೆಯುವ ವಿಧಾನ, ಅಳತೆಯ ಮಾನ ಈ ಮೂರೂ ಸೇರಿದಾಗಲೇ ಒಂದು ಅಂಕಿಯ ಕಂಬಸಾಲು ಪೂರ್ಣ. ಗಿಡದ ಎತ್ತರ ಎಂದರೆ ಸಾಲದು. ನೆಲದಿಂದ ತೆನೆಯ ತುದಿಯವರೆಗೋ ಬುಡಕ್ಕೋ, ಸೆಂಟಿಮೀಟರಿನಲ್ಲೋ ಎಂಬುದೂ ಬೇಕು. 2017ರಲ್ಲಿ ವಿಶ್ವವ್ಯಾಪಿ ಜಾಲದ ಮಾನಕ ಸಂಸ್ಥೆಯು ಭೂಮಾಹಿತಿ ಮಾನಕ ಸಂಸ್ಥೆಯೊಡನೆ ಸೇರಿ ಎಲ್ಲ ಬಗೆಯ ವೀಕ್ಷಣೆಗಳಿಗೆ ಅನ್ವಯಿಸುವ ಸೋಸಾ ಎಂಬ ಆಂಟಾಲಜಿಯನ್ನು ಮಾನಕವಾಗಿ ಪ್ರಕಟಿಸಿತು.

ವಿಧಿಬದ್ಧವಾಗಿ ಬರೆಯುವ ಕ್ರಮ

ಮಣ್ಣು ಪರೀಕ್ಷೆಯ ಅಂಕಿಗಳಿಗೆ ಇಂಥದೊಂದು ಚೌಕಟ್ಟನ್ನು ಹೀಗೆ ಹಾಕಬಹುದು. ಹೊಲ, ಮಾದರಿ, ಗುಣ, ವಿಧಾನ, ಮಾನ ಮತ್ತು ಅಳತೆ ಎಂಬ ಆರು ವರ್ಗಗಳನ್ನು ಇಟ್ಟುಕೊಳ್ಳೋಣ. ವಿಧಿಗಳು ಇವು:

1. ಪ್ರತಿಯೊಂದು ಅಳತೆಯೂ ಒಂದೇ ಒಂದು ಮಾದರಿಯ ಮೇಲೆ ಆದದ್ದು.
2. ಪ್ರತಿಯೊಂದು ಮಾದರಿಯೂ ಒಂದೇ ಒಂದು ಹೊಲದಿಂದ, ಒಂದು ಗೊತ್ತಾದ ಆಳದಿಂದ, ಒಂದು ಗೊತ್ತಾದ ದಿನ ತೆಗೆದದ್ದು.
3. ಪ್ರತಿಯೊಂದು ಅಳತೆಯೂ ಒಂದೇ ಗುಣದ್ದು ಮತ್ತು ಒಂದೇ ವಿಧಾನದ್ದು.
4. ಪ್ರತಿಯೊಂದು ಅಳತೆಗೂ ಒಂದು ಬೆಲೆ, ಒಂದು ಮಾನ ಇರಬೇಕು. ಮಾನವು ಆ ಗುಣಕ್ಕೆ ಒಪ್ಪುವಂಥದಿರಬೇಕು.
5. ಗುಣ, ವಿಧಾನ ಮತ್ತು ಮಾನ ಮೂರೂ ಒಂದೇ ಇದ್ದಾಗ ಮಾತ್ರ ಎರಡು ಅಳತೆಗಳನ್ನು ನೇರವಾಗಿ ಹೋಲಿಸಬಹುದು. ಇಲ್ಲವಾದರೆ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಲೆಕ್ಕವನ್ನು ಬರೆದಿರಬೇಕು.
6. ಲೆಕ್ಕ ಹಾಕಿ ಪಡೆದ ಅಂಕಿಯು ತನ್ನ ಮೂಲ ಅಳತೆಯನ್ನೂ ಲೆಕ್ಕದ ಕ್ರಮವನ್ನೂ ಹೇಳಬೇಕು. ಪೋಷಕಾಂಶವನ್ನು ಹೆಕ್ಟೇರಿಗೆ ಕಿಲೋ ಎಂದು ಕೊಡುವಾಗ 15 ಸೆಂಟಿಮೀಟರ್ ಆಳದ ಮಣ್ಣಿನ ತೂಕವನ್ನು 22.4 ಲಕ್ಷ ಕಿಲೋ ಎಂದು ಹಿಡಿದು, ಹತ್ತು ಲಕ್ಷ ಭಾಗದಲ್ಲಿರುವ ಪ್ರಮಾಣವನ್ನು 2.24ರಿಂದ ಗುಣಿಸಿರುತ್ತಾರೆ. ಈ ಊಹೆಯೂ ಬರಹದಲ್ಲಿರಬೇಕು.
7. ಸಂತೃಪ್ತ ಸಾರದ ವಾಹಕತೆ 4ಕ್ಕಿಂತ ಹೆಚ್ಚು, ರಸಸಾರ 8.5ಕ್ಕಿಂತ ಕಡಿಮೆ, ವಿನಿಮಯ ಸೋಡಿಯಂ ಶೇಕಡಾ 15ಕ್ಕಿಂತ ಕಡಿಮೆ ಇರುವ ಮಣ್ಣು ಸವಳು ಮಣ್ಣಿನ ವರ್ಗಕ್ಕೆ ಸೇರುತ್ತದೆ. ವಾಹಕತೆ 4ಕ್ಕಿಂತ ಕಡಿಮೆ, ರಸಸಾರ 8.5ಕ್ಕಿಂತ ಹೆಚ್ಚು, ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚು ಇದ್ದರೆ ಕ್ಷಾರ ಮಣ್ಣು.

ಈಗ ಮೇಲೆ ಹೇಳಿದ ರೈತರ ಎರಡು ವರದಿಗಳನ್ನು ಈ ವಿಧಿಗಳ ಮುಂದಿಡಿರಿ. ಮೊದಲ ವರದಿಯಲ್ಲಿ ವಿಧಾನವನ್ನು ಬರೆದಿರಲಿಲ್ಲ. ಮೂರನೆಯ ವಿಧಿಯ ಪ್ರಕಾರ ಅದು ಅಪೂರ್ಣ ಎಂದು ತಿರಸ್ಕೃತವಾಗುತ್ತದೆ. ವಿಧಾನವನ್ನು ಕೇಳಿ ಬರೆದ ಮೇಲೆ, ಐದನೆಯ ವಿಧಿಯು 1.3 ಮತ್ತು 4.6ನ್ನು ಹೋಲಿಸಲು ಬಿಡುವುದಿಲ್ಲ. ಉಪ್ಪು ಏರಿತೆಂಬ ಭಯ ಅಲ್ಲಿಗೇ ನಿಲ್ಲುತ್ತದೆ. ಏಳನೆಯ ವಿಧಿಯು ಸಂತೃಪ್ತ ಸಾರದ ಅಂಕಿಯನ್ನೇ ಕೇಳುವುದರಿಂದ 1.3ನ್ನು ನಾಲ್ಕರ ಮಿತಿಗೆ ಹಚ್ಚಲು ದಾರಿಯೇ ಇಲ್ಲ. ಎರಡನೆಯ ವರದಿಯ ಮೂರು ಅಂಕಿಗಳಿಂದ ಮಣ್ಣು ಸವಳು ಎಂಬ ತೀರ್ಮಾನ ತಾನಾಗಿಯೇ ಬರುತ್ತದೆ. ಜಿಪ್ಸಂ ಪ್ರಶ್ನೆ ಏಳುವುದಿಲ್ಲ. ಒಬ್ಬ ಅನುಭವಿ ವಿಜ್ಞಾನಿ ಎದುರು ಕುಳಿತು ಹೇಳಬೇಕಾದ ಮಾತನ್ನು ವಿಧಿಗಳೇ ಹೇಳಿದಂತಾಯಿತು.

ಖಾಲಿ ಕಾಲಂ ಎಂದರೆ ಸೊನ್ನೆಯಲ್ಲ

ಇನ್ನೊಂದು ಎಚ್ಚರಿಕೆ ಅಗತ್ಯ. ವರದಿಯಲ್ಲಿ ವಿನಿಮಯ ಸೋಡಿಯಂ ಕಾಲಂ ಖಾಲಿ ಇದ್ದರೆ ಸೋಡಿಯಂ ಇಲ್ಲ ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಖಾಲಿ ಎಂದರೆ ಅಳೆದಿಲ್ಲ ಎಂದರ್ಥ. 2015ರ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ 12 ಅಂಶಗಳಲ್ಲಿ ರಸಸಾರ, ವಾಹಕತೆ, ಸಾವಯವ ಇಂಗಾಲ ಮತ್ತು ಪೋಷಕಾಂಶಗಳಿವೆ. ವಿನಿಮಯ ಸೋಡಿಯಂ ಇಲ್ಲ. ಆದ್ದರಿಂದ ಆ ಚೀಟಿ ಒಂದರಿಂದಲೇ ಮಣ್ಣು ಕ್ಷಾರವೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದು. ರಸಸಾರ 8.5 ದಾಟಿದ್ದರೆ ಸೋಡಿಯಂ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಆಂಟಾಲಜಿ ಭಾಷೆಗಳಲ್ಲಿಯೂ ಇದೇ ನಿಯಮ: ಬರೆಯದಿರುವುದು ಸುಳ್ಳಲ್ಲ, ಇನ್ನೂ ಗೊತ್ತಿಲ್ಲ, ಅಷ್ಟೆ.

ರೈತರು ಮನೆಯಲ್ಲಿ ಮಾಡಬೇಕಾದುದು

ಇದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಎರಡು ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಪ್ರತಿ ಅಂಕಿಯ ಮುಂದೆ ಈ ಏಳು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಯಾವ ಹೊಲ? ಯಾವುದರ ಅಳತೆ? ಹೇಗೆ ಅಳೆದದ್ದು? ಎಷ್ಟು? ಯಾವ ಮಾನ? ಯಾವ ದಿನ? ಯಾರು ಅಳೆದರು?

ಗಂಗಾವತಿ, ಕಾರಟಗಿ ಕಡೆಯ ಭತ್ತದ ಬೆಳೆಗಾರರು ತಳಿಯ ಸಂಖ್ಯೆಯನ್ನು ಬೀಜದ ಚೀಟಿಯಿಂದಲೇ ಬರೆದುಕೊಳ್ಳಬೇಕು. ಇಳುವರಿಯ ಜೊತೆ ಚೀಲದ ತೂಕ ಮತ್ತು ತೇವಾಂಶವನ್ನು ಬರೆಯಬೇಕು. ಬೇಸಿಗೆಯಲ್ಲಿ ಉಪ್ಪು ಮೇಲಕ್ಕೆ ಏರುವುದರಿಂದ ಮಾದರಿ ತೆಗೆದ ತಿಂಗಳನ್ನು ಬಿಡಬಾರದು. ಪ್ರತಿ ವರ್ಷವೂ ಅದೇ ತಿಂಗಳಲ್ಲಿ ತೆಗೆಯುವುದು ಒಳ್ಳೆಯದು.

ಕುಷ್ಟಗಿಯ ದಾಳಿಂಬೆ ಬೆಳೆಗಾರರು ಕೊಳವೆ ಬಾವಿ ನೀರಿನ ವರದಿಯಲ್ಲಿ ಎಷ್ಟು ಬಾವಿಗಳಿವೆಯೋ ಅಷ್ಟಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ನೀರಿನ ವಾಹಕತೆಗೂ ಮಣ್ಣಿನ ವಾಹಕತೆಗೂ ಮಾನ ಒಂದೇ ಆದರೂ ಮಿತಿಗಳು ಬೇರೆ.

ಯಲಬುರ್ಗಾದ ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ, ಜೋಳ ಬೆಳೆಯುವವರು ಮಳೆಯ ದಿನ ಮತ್ತು ಬಿತ್ತನೆಯ ದಿನವನ್ನು ತಪ್ಪದೆ ಬರೆಯಬೇಕು; ಮಳೆಯನ್ನು ತಾವೇ ಅಳೆದದ್ದೋ ಹೋಬಳಿ ಕೇಂದ್ರದ್ದೋ ಎಂಬುದನ್ನೂ ಸೂಚಿಸಬೇಕು. ಸೇರಿನ ಲೆಕ್ಕ ಬರೆಯುವವರು ನೆನಪಿಡಬೇಕಾದುದೆಂದರೆ, ಸೇರು ಗಾತ್ರದ ಅಳತೆ. ಒಂದು ಸೇರು ಸಜ್ಜೆಯ ತೂಕವೂ ಒಂದು ಸೇರು ಶೇಂಗಾದ ತೂಕವೂ ಒಂದೇ ಅಲ್ಲ.

ಕೊಪ್ಪಳ ಭಾಗದಲ್ಲಿ ಹೊಲ ಪಾಲಾದಾಗ ಹಳೆಯ ವರದಿಯ ಮೇಲೆ ಹೊಸ ಹಿಸ್ಸಾ ನಂಬರು ಬರೆದು ಹಳೆಯದನ್ನು ಹೊಡೆದುಹಾಕುವ ರೂಢಿಯಿದೆ. ಹಾಗೆ ಮಾಡದೆ, ಹಳೆಯ ನಂಬರನ್ನು ಉಳಿಸಿ ಅದರಿಂದ ಯಾವ ಹಿಸ್ಸಾಗಳಾದವು ಎಂದು ಪಕ್ಕದಲ್ಲಿ ಬರೆಯಬೇಕು.

ಚೌಕಟ್ಟಿನ ಮಿತಿ

ಈ ಚೌಕಟ್ಟು ತಪ್ಪು ಮಾದರಿಯನ್ನು ಸರಿಪಡಿಸಲಾರದು. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಗಿಡದ ನೆರಳು ಬಿಟ್ಟು, ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು, ಬೆರೆಸಿ ಅರ್ಧ ಕಿಲೋ ಉಳಿಸಿಕೊಳ್ಳುವ ಕೆಲಸವನ್ನು ಯಾವ ಆಂಟಾಲಜಿಯೂ ನಮಗಾಗಿ ಮಾಡುವುದಿಲ್ಲ. ಹಾಗೆಯೇ ರೈತರ ಮಾತುಗಳನ್ನು ಅಳಿಸಿ ಪುಸ್ತಕದ ಮಾತು ಹೇರುವುದೂ ಇದರ ಉದ್ದೇಶವಲ್ಲ. ಎರೆ, ಮಸಾರಿ, ಸವಳು, ಜವಳು ಎಂಬ ಮಾತುಗಳ ಹಿಂದೆ ತಲೆಮಾರುಗಳ ಅನುಭವವಿದೆ. ಅವುಗಳನ್ನು ಉಳಿಸಿಕೊಂಡು, ಪ್ರತಿಯೊಂದೂ ಯಾವ ಅಳತೆಗೆ ಹೊಂದುತ್ತದೆ ಎಂದು ಬರೆದಿಡುವುದೇ ನಮ್ಮೆಲ್ಲರ ಕೆಲಸ.

ರೈತ ಬಾಂಧವರು ಇನ್ನು ಮುಂದೆ ಮಣ್ಣು ಅಥವಾ ನೀರಿನ ವರದಿ ಪಡೆಯುವಾಗ ವಿಧಾನ ಯಾವುದು, ಮಾನ ಯಾವುದು ಎಂದು ಕೇಳಿ, ವರದಿಯ ಮೇಲೆಯೇ ಬರೆಸಿಕೊಳ್ಳಬೇಕು. ಹಳೆಯ ವರದಿಗಳನ್ನು ಎಸೆಯದೆ, ಅವುಗಳೊಡನೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಂದು ಅರ್ಥ ತಿಳಿದುಕೊಂಡ ನಂತರವೇ ಜಿಪ್ಸಂಗಾಗಲಿ ಗೊಬ್ಬರಕ್ಕಾಗಲಿ ಹಣ ಹೂಡುವುದು ಲೇಸು.